ಡೀಸೆಲ್ ಟ್ಯಾಂಕ್ ವೆಲ್ಡಿಂಗ್ ಮಾಡ್ಸೋಕೆ ಹೊರಟಿದ್ರೆ ಮೊದ್ಲು ಇದನ್ನ ಓದಿ

ನಮ್ದು 2008ರ ಪಿಕಪ್ಪು, ತಿಪಟೂರು ಕಡೆ ತೋಟಗಳಿಂದ ತೆಂಗಿನಕಾಯಿ ಹೊಡೀತೀನಿ, ವಾರಕ್ಕೊಂದ್ಸಲ ಬೆಂಗಳೂರು ಲೋಡ್. ಹೋದ ಮಳೆಗಾಲ ಮುಗಿಯೋ ಹೊತ್ತಿಗೆ ಬೆಳಿಗ್ಗೆ ಗಾಡಿ ತೆಗೆದ್ರೆ ಕೆಳಗೆ ಅಂಗೈಯಷ್ಟಗಲ ಡೀಸೆಲ್ ಕಲೆ, ಟ್ಯಾಂಕ್‌ನ ಬಿಗಿದಿಡೋ ಹಿಂದಿನ ಪಟ್ಟಿ ಹತ್ರ ತೊಟ್ಟಿಕ್ತಿತ್ತು. ಒಂದಿನ ಇರುತ್ತೆ, ಆಮೇಲೆ ನಾಕು ದಿನ ಇರಲ್ಲ. ಯಾಕೆ ಹಿಂಗೆ ಅಂತ ಯೋಚ್ನೆನೇ ಮಾಡ್ಲಿಲ್ಲ, ನಾನು ಎಡವಿದ್ದೇ ಅಲ್ಲಿ.

ಒಂದು ಗ್ಯಾರೇಜ್‌ಗೆ ಬಿಟ್ಟೆ, ಹೆಸರು ಬೇಡ ಬಿಡಿ. ಹುಡುಗ ಬಗ್ಗಿ ಟಾರ್ಚ್ ಹಾಕಿ ಎರಡೇ ನಿಮಿಷ ನೋಡಿ "ಅಣ್ಣ, ಪಟ್ಟಿ ಕೆಳಗೆ ತುಕ್ಕು ಹಿಡ್ದು ತೂತಾಗಿದೆ, ವೆಲ್ಡಿಂಗ್ ಹೊಡ್ದ್ರೆ ಆಯ್ತು" ಅಂದ. ಪಟ್ಟಿ ಸಂದಿಲಿ ಕೆಸರು ಕೂತು ತಗಡು ತಿನ್ನೋದು ಹಳೆ ಗಾಡಿಗಳಲ್ಲಿ ಮಾಮೂಲಿ, ಅದಕ್ಕೆ ನಾನೂ ತಲೆ ಆಡಿಸ್ದೆ. ಡೀಸೆಲ್ ಕ್ಯಾನಿಗೆ ಇಳಿಸಿ, ಟ್ಯಾಂಕ್ ಬಿಚ್ಚಿ, ನೀರು ಹಾಕಿ ಒಂದ್ಸಲ ಕುಲುಕಿ ಚೆಲ್ಲಿ ಗ್ಯಾಸ್ ವೆಲ್ಡಿಂಗ್ ಹಿಡ್ದ, ಖಾಲಿ ಟ್ಯಾಂಕ್ ಅಲ್ವಾ ಏನಾಗುತ್ತೆ ಅಂತ ನಾನು ಹತ್ತಡಿ ಆಚೆ ಟೀ ಕುಡೀತಾ ನಿಂತಿದ್ದೆ.

ಡಬ್ ಅಂತು! ಟ್ಯಾಂಕಿನ ಒಂದು ಪಕ್ಕ ಪೂರಿ ಉಬ್ಬಿದಂಗೆ ಉಬ್ಬಿ, ಬಾಯಿಂದ ಬೆಂಕಿ ಭಗ್ ಅಂತ ಆಚೆ ಬಂತು. ಹುಡುಗನ ಹುಬ್ಬು ಸುಟ್ಟಿದ್ದು ಬಿಟ್ರೆ ಯಾರಿಗೂ ಏನೂ ಆಗ್ಲಿಲ್ಲ, ದೇವ್ರು ದೊಡ್ಡೋನು. ಡೀಸೆಲ್ ಪೆಟ್ರೋಲ್ ತರ ಸುಮ್‌ಸುಮ್ನೆ ಹತ್ಕೊಳಲ್ಲ ನಿಜ, ಆದ್ರೆ ತಗಡು ಕಾದ್ರೆ ಒಳಗೆ ಅಂಟಿರೋ ಜಿಡ್ಡೇ ಆವಿಯಾಗಿ ಗಾಳಿ ಜತೆ ಸೇರ್ಕೊಳುತ್ತೆ, ಟ್ಯಾಂಕ್ ಖಾಲಿ ಇದ್ದಷ್ಟೂ ಆ ಆವಿಗೆ ಜಾಗ ಜಾಸ್ತಿ. ಅಷ್ಟಾದ್ಮೇಲೂ ಅದನ್ನೇ ಬಡ್ದು ನೆಟ್ಟಗೆ ಮಾಡಿ ವೆಲ್ಡಿಂಗ್ ಮುಗಿಸಿ 1800 ಈಸ್ಕೊಂಡ.

ಮುಂದಿನ ಬೆಂಗಳೂರು ಲೋಡಿಗೆ ಫುಲ್ ಟ್ಯಾಂಕ್ ಹಾಕ್ಸಿದೆ, ರಾತ್ರಿ ಮತ್ತೆ ತೊಟತೊಟ.

ಕೊನೆಗೆ ನಮ್ಮ ಹಳೆ ಮೆಕ್ಯಾನಿಕ್ ಸಾಬ್ರ ಹತ್ರ ಹೋದೆ. ಅವ್ರು ಗಾಡಿ ಕಡೆ ತಿರುಗೂ ನೋಡ್ದೆ "ಯಾವಾಗ್ಲೂ ಸೋರುತ್ತೋ, ಫುಲ್ ಇದ್ದಾಗ ಮಾತ್ರನೋ?" ಅಂದ್ರು. ಫುಲ್ ಇದ್ದಾಗ ಅಂದೆ. "ಮತ್ತೆ ತಳದಲ್ಲಿ ತೂತು ಹೆಂಗಿರುತ್ತೆ ಸ್ವಾಮಿ, ಕಾಲು ಟ್ಯಾಂಕ್ ಇದ್ರೂ ಸೋರ್ಬೇಕಲ್ವಾ?" ನನ್ ಬಾಯಿ ಕಟ್ಟೋಯ್ತು.

ಟ್ಯಾಂಕ್‌ನ ಸೋಪಿನಪುಡೀಲಿ ಉಜ್ಜಿ ಒಣಗ್ಸಿ, ಮುಖಕ್ಕೆ ಹಾಕೋ ಪೌಡರ್ ಉದುರ್ಸಿ, ಫುಲ್ ಮಾಡ್ಸಿ ಒಂದು ರೌಂಡ್ ಹೊಡ್ಸಿದ್ರು. ಬಂದು ನೋಡಿದ್ರೆ ಬಿಳೀ ಪೌಡರ್ ಮೇಲೆ ಬೆರಳಗಲ ಒದ್ದೆ ಗೆರೆ, ಟ್ಯಾಂಕಿನ ನೆತ್ತಿಯಿಂದ ಶುರುವಾಗಿ ಪಕ್ಕದಲ್ಲಿ ಇಳ್ದು ಸೀದಾ ಪಟ್ಟಿ ಹತ್ರ. ಡೀಸೆಲ್ ಎಷ್ಟಿದೆ ಅಂತ ಮೀಟರಿಗೆ ತೋರ್ಸೋಕೆ ಮೇಲಿರೋ ಗೇಜ್ ಫ್ಲೋಟಿನ ಪ್ಯಾಕಿಂಗ್, ಅಂದ್ರೆ ಸೋರದಂಗೆ ಸಂದಿ ಮುಚ್ಚೋ ವಾಷರ್, ಹೋಗಿತ್ತು. ಹೋದ ವರ್ಷ ಗೇಜ್ ರಿಪೇರಿ ಮಾಡ್ದೋನು ಹಳೆ ಪ್ಯಾಕಿಂಗ್‌ಗೇ ಸಿಲಿಕಾನ್ ಮೆತ್ತಿ ಕೂರ್ಸಿದ್ದ, ಮಾಮೂಲಿ ಸಿಲಿಕಾನ್ ಡೀಸೆಲ್‌ಗೆ ತಡ್ಯಲ್ಲ. ಇಂಜಿನ್ ಓಡ್ವಾಗ ಮಾತ್ರ ಸೋರಿದ್ರೆ ಮಿಕ್ಕ ಡೀಸೆಲ್ ಟ್ಯಾಂಕಿಗೆ ವಾಪಸ್ ತರೋ ರಿಟರ್ನ್ ಪೈಪ್ ನೋಡಿ, ಬಂಕಲ್ಲಿ ಹಾಕ್ಸೋವಾಗ ಮಾತ್ರ ಸುರಿದ್ರೆ ಬಾಯಿ ಹತ್ರ ಇರೋ ರಬ್ಬರ್ ಪೈಪ್ ನೋಡಿ ಅಂತಾನೂ ಹೇಳಿದ್ರು.

ಹೊಸ ಪ್ಯಾಕಿಂಗ್ 90 ರೂಪಾಯಿ. ಮೇಲಿನ ಸೋರಿಕೆ ನಿಂತೋಯ್ತು, ಈಗ ಆ ವೆಲ್ಡಿಂಗ್ ಗೆರೆಯಿಂದ ಜಿನುಗ್ತಿದೆ, ಮೊದ್ಲು ಅಲ್ಲಿ ತೂತೇ ಇರ್ಲಿಲ್ಲ! ಗುಜರಿಲಿ ಟ್ಯಾಂಕ್ ಹುಡುಕ್ತಿದೀನಿ, 2008ರ ಮಾಡೆಲ್‌ಗೆ ಕೂರೋದು ಯಾರ ಹತ್ರಾದ್ರೂ ಇದ್ರೆ ಹೇಳಿ.