ಅನಿಮಲ್ ಕ್ರಾಸಿಂಗ್ ಅಥವಾ ಸ್ವತಂತ್ರ ಆಟಗಳು: ಯಾವುದನ್ನು ಆರಿಸಿಕೊಳ್ಳಬೇಕು?

ಜಪಾನಿನ ವಿಡಿಯೊ ಗೇಮ್ ಕಂಪನಿ ನಿಂಟೆಂಡೊ 2020ರ ಮಾರ್ಚ್‌ನಲ್ಲಿ ಹೊರತಂದ, ದ್ವೀಪವೊಂದರಲ್ಲಿ ನೆಲೆಸಿ ಬದುಕು ಕಟ್ಟಿಕೊಳ್ಳುವ ‘ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್’ ಆಟಕ್ಕೆ ಸ್ವತಂತ್ರ ಡೆವಲಪರ್‌ಗಳು (ದೊಡ್ಡ ಕಂಪನಿಗಳ ಆಸರೆಯಿಲ್ಲದೆ ಆಟ ರಚಿಸುವವರು) ಸರಿಸಾಟಿಯಾಗಬಲ್ಲರೇ ಎಂಬುದಕ್ಕೆ ಉತ್ತರವು, ನೀವು ಆ ಆಟದಲ್ಲಿ ಮೆಚ್ಚುವುದು ಏನನ್ನು ಎಂಬುದರ ಮೇಲೆ ನಿಂತಿದೆ.

ಎರಿಕ್ ಬರೋನ್ ಒಬ್ಬರೇ ಚಿತ್ರ, ಸಂಗೀತ, ಕಥೆ, ಕೋಡ್ ಎಲ್ಲವನ್ನೂ ರಚಿಸಿ 2016ರಲ್ಲಿ ಬಿಡುಗಡೆ ಮಾಡಿದ ‘ಸ್ಟಾರ್‌ಡ್ಯೂ ವ್ಯಾಲಿ’ಯು ಆಳದಲ್ಲಿ ನಿಂಟೆಂಡೊ ಆಟವನ್ನು ಮೀರಿಸುತ್ತದೆ ಎಂದೇ ನನ್ನ ಅಭಿಪ್ರಾಯ. ಬೇಸಾಯ, ಗಣಿ, ಮದುವೆ ಎಲ್ಲವೂ ಅಲ್ಲಿವೆ. ಊರಿನವರಿಗೆ ತಮ್ಮದೇ ಆದ ನೋವು, ಹಿನ್ನೆಲೆಗಳಿವೆ. ಆದರೆ ಅಲ್ಲಿ ಕಾಲ ಓಡುತ್ತಲೇ ಇರುತ್ತದೆ. ಒಂದು ಋತುವಿಗೆ ಆಟದೊಳಗಿನ 28 ದಿನಗಳು ಮಾತ್ರ; ಋತು ಬದಲಾದ ಬೆಳಿಗ್ಗೆ, ಕೊಯ್ಯದೆ ಬಿಟ್ಟ ಬಹುತೇಕ ಬೆಳೆ ಹೊಲದಲ್ಲೇ ಒಣಗಿ ನಿಂತಿರುತ್ತದೆ, ಮತ್ತು ರಾತ್ರಿ 2 ಗಂಟೆಯೊಳಗೆ ಮಲಗದಿದ್ದರೆ ನಿಮ್ಮ ಪಾತ್ರ ಕುಸಿದು ಬೀಳುತ್ತದೆ.

ಅನಿಮಲ್ ಕ್ರಾಸಿಂಗ್ ನಿಜವಾದ ಗಡಿಯಾರವನ್ನೇ ಅನುಸರಿಸುವುದರಿಂದ, ನಿಮ್ಮಲ್ಲಿ ಸಂಜೆಯಾದಾಗ ದ್ವೀಪದಲ್ಲೂ ಸಂಜೆಯಾಗುತ್ತದೆ; ಅರ್ಧ ಗಂಟೆ ಆಡಿ ನಿಲ್ಲಿಸಿದರೂ ಅವಸರವೆನಿಸುವುದಿಲ್ಲ. ಈ ನೆಮ್ಮದಿಗೆ ಹತ್ತಿರ ಬಂದಿರುವುದು 2021ರಲ್ಲಿ ಸ್ಪ್ರೈ ಫಾಕ್ಸ್ ಎಂಬ ಸ್ಟುಡಿಯೊ ತಂದ ‘ಕೋಜಿ ಗ್ರೋವ್’. ಅದೂ ನಿಜಕಾಲಕ್ಕೆ ಹೊಂದಿಕೊಂಡಿದೆ, ಆದರೆ ದಿನದ ಕೆಲಸಗಳು ಬೇಗ ಮುಗಿದುಬಿಡುತ್ತವೆ. ಮನೆ ಅಲಂಕರಿಸುವುದರಲ್ಲಿ, ಗೆಳೆಯರ ದ್ವೀಪಗಳಿಗೆ ಹೋಗಿಬರುವುದರಲ್ಲಿ ನಿಂಟೆಂಡೊ ನೀಡುವ ಸಮೃದ್ಧಿ ಅಲ್ಲಿಲ್ಲ.

ಮನೆಯಲ್ಲಿ ಹಲವರು ಆಡುವುದಾದರೆ ಇನ್ನೊಂದು ಸಂಗತಿ ಮುಖ್ಯ: ನ್ಯೂ ಹೊರೈಜನ್ಸ್‌ನಲ್ಲಿ ಒಂದು ಸ್ವಿಚ್‌ಗೆ (ಆ ಆಟ ನಡೆಯುವ ನಿಂಟೆಂಡೊ ಗೇಮ್ ಯಂತ್ರ) ಒಂದೇ ದ್ವೀಪ, ಅದನ್ನು ಎಲ್ಲರೂ ಹಂಚಿಕೊಳ್ಳಬೇಕು. ಸ್ಟಾರ್‌ಡ್ಯೂನಲ್ಲಿ ಒಬ್ಬೊಬ್ಬರೂ ತಮ್ಮದೇ ತೋಟ ಆರಂಭಿಸಬಹುದು, ಕಂಪ್ಯೂಟರ್ ಅಥವಾ ಮೊಬೈಲ್‌ನಲ್ಲಿಯೂ ಆಡಬಹುದು. ಸ್ವಿಚ್ ಇಲ್ಲದವರು ಅನಿಮಲ್ ಕ್ರಾಸಿಂಗ್ ಒಂದಕ್ಕಾಗಿಯೇ ಅದನ್ನು ಕೊಳ್ಳುವ ಮೊದಲು ಸ್ಟಾರ್‌ಡ್ಯೂ ಆಡಿ ನೋಡುವುದೇ ಲೇಸು.