ಹಳೆ ಕಂಪ್ಯೂಟರಿಗೆ ಲುಬುಂಟು, ಟೈಪಿಂಗಿಗೆ ಲಿಬ್ರೆ ಆಫೀಸ್: ಧಾರವಾಡದ ಅಂಗಡಿಯಲ್ಲಿ ಮೂರು ವರ್ಷ

ಟೈಪಿಂಗ್ ಅಂಗಡಿಯ ಹಳೆ ಕಂಪ್ಯೂಟರಿಗೆ ವಿಂಡೋಸ್ ಬದಲು ಲುಬುಂಟು (ಹಗುರವಾದ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕಿ, ಲಿಬ್ರೆ ಆಫೀಸಿನ ರೈಟರಿನಲ್ಲಿ ಟೈಪ್ ಮಾಡಿದ ಅನುಭವ ಇದು. ಯಂತ್ರ ಕೋರ್ 2 ಡ್ಯುಯೊ ಪ್ರೊಸೆಸರಿನದು, 4 ಜಿಬಿ ರ‍್ಯಾಮ್, 120 ಜಿಬಿ ಎಸ್‌ಎಸ್‌ಡಿ. ಕೆಲಸ ದಿನದ್ದೇ: ಅರ್ಜಿ, ಬಾಡಿಗೆ ಕರಾರು, ಕೋಚಿಂಗ್ ಹುಡುಗರ ನೋಟ್ಸ್, ಮದುವೆ ಕಾರ್ಡಿನ ಮ್ಯಾಟರ್. ಮೊದಲು ಲುಬುಂಟು 22.04 ಇತ್ತು, ಈಗ 24.04.

ವೇಗದ ಬಗ್ಗೆ ತಕರಾರಿಲ್ಲ. ಆನ್ ಆದಾಗ ಅರ್ಧ ಜಿಬಿ ಆಸುಪಾಸು ರ‍್ಯಾಮ್ ಹಿಡಿಯುತ್ತದೆ, ಆಮೇಲೆ ನುಂಗುವುದೆಲ್ಲ ಬ್ರೌಸರ್. ಎಸ್‌ಎಸ್‌ಡಿ ಹಾಕದೆ ಹಳೆ ಹಾರ್ಡ್ ಡಿಸ್ಕ್ ಹಾಗೇ ಬಿಟ್ಟು ಲುಬುಂಟು ಹಾಕಿದರೆ ಅರ್ಧ ಲಾಭ ಮಾತ್ರ. 32 ಬಿಟ್ ಯಂತ್ರವಾದರೆ ಆಸೆ ಬಿಡಿ, 18.10ರ ನಂತರ ಅದಕ್ಕೆ ಲುಬುಂಟು ಬರುವುದಿಲ್ಲ. 24.04ಕ್ಕೆ ಅಪ್‌ಡೇಟ್ ಸಿಗುವುದು 2027ರ ಏಪ್ರಿಲ್ ತನಕ. ವೆಬ್‌ಸೈಟೆಲ್ಲ ‘ಸುರಕ್ಷಿತವಲ್ಲ’ ಅಂತ ಹಟ ಹಿಡಿದರೆ ಮೊದಲು ದಿನಾಂಕ ನೋಡಿ. ಮದರ್‌ಬೋರ್ಡಿನ ಗಡಿಯಾರ ನಡೆಸುವ ಸಿಆರ್2032 ಸೆಲ್ ಸತ್ತಿರುತ್ತದೆ, ಲಿನಕ್ಸಿನ ತಪ್ಪಲ್ಲ.

ಇನ್‌ಸ್ಟಾಲ್ ಮಾಡುವಾಗ ಭಾಷೆ ‘ಇಂಗ್ಲಿಷ್ (ಇಂಡಿಯಾ)’ ಆರಿಸಿ. ಅಮೆರಿಕದ್ದು ಆರಿಸಿದರೆ ರೈಟರ್ ಪುಟ ಎ4 ಬದಲು ಲೆಟರ್ ಅಳತೆಯಲ್ಲಿ ತೆರೆಯುತ್ತದೆ. ಪ್ರಿಂಟಿನಲ್ಲಿ ಅಂಚು ಏರುಪೇರಾದ ಮೇಲೇ ಅದು ಗೊತ್ತಾಗುವುದು.

ಕನ್ನಡ ಟೈಪಿಂಗಿಗೆ ಐಬಸ್ (ಒತ್ತಿದ ಕೀಲಿಯನ್ನು ಕನ್ನಡ ಮಾಡಿಕೊಡುವ ತಂತ್ರಾಂಶ), ಅದಕ್ಕೆ ಕನ್ನಡದ ಕೀಲಿ ವಿನ್ಯಾಸ ಕೊಡುವ ಐಬಸ್-ಎಂ17ಎನ್, ಎರಡೂ ಬೇಕು. ಲಾಗ್‌ಔಟ್ ಮಾಡಿ ಬಂದು ಐಬಸ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕೆಜಿಪಿ ವಿನ್ಯಾಸ ಸೇರಿಸಿದರೆ ನುಡಿ (ವಿಂಡೋಸಿನ ಕನ್ನಡ ಟೈಪಿಂಗ್ ತಂತ್ರಾಂಶ) ಕಲಿತ ಕೈ ಹಾಗೇ ಓಡುತ್ತದೆ. ಸಿಸ್ಟಮ್ ಕೀಬೋರ್ಡ್ ಪಟ್ಟಿಯಲ್ಲೂ ‘ಕಗಪ’ ಅಂತ ಒಂದಿದೆ, ಅದಕ್ಕೆ ಮರುಳಾಗಬೇಡಿ. ಅಲ್ಲಿ ಒಂದು ಕೀಲಿಗೆ ಒಂದೇ ಅಕ್ಷರ. ವ್ಯಂಜನದ ಮುಂದೆ ಸ್ವರ ಒತ್ತಿದಾಗ ತಾನಾಗಿ ಗುಣಿತ ಮಾಡಿಕೊಡುವ ಬುದ್ಧಿ ಅದಕ್ಕಿಲ್ಲ. ‘ಸಾಫ್ಟ್‌ವೇರ್’ ಎಂಬಲ್ಲಿ ವ ಒತ್ತಕ್ಷರವಾಗಿ ಅಂಟಿಕೊಂಡರೆ ಅರ್ಧಾಕ್ಷರ (ಟ್) ಮುಗಿದ ಕಡೆ, ವ ಮೊದಲು, ಕರ್ಸರ್ ಇಟ್ಟು 200ಸಿ (ಅಕ್ಷರ ಅಂಟದಂತೆ ತಡೆಯುವ ಕಾಣದ ಚಿಹ್ನೆಯ ಸಂಕೇತ) ಅಂತ ಇಂಗ್ಲಿಷಿನಲ್ಲಿ ಹೊಡೆದು ಆಲ್ಟ್-ಎಕ್ಸ್ ಒತ್ತಿ.

ಹೊಸಬರು ಎಡವುವುದು ರೈಟರಿನ ಫಾಂಟ್ ವಿಷಯದಲ್ಲಿ. ಅದು ಕನ್ನಡವನ್ನು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಗುಂಪಿಗೆ ಸೇರಿಸಿ, ಇಂಗ್ಲಿಷಿನ ಫಾಂಟ್, ಸೈಜ್, ಬೋಲ್ಡ್ ಎಲ್ಲವನ್ನೂ ಬೇರೆ ಇಟ್ಟುಕೊಳ್ಳುತ್ತದೆ. ಇಂಗ್ಲಿಷ್ ಪದದ ಮೇಲೆ ಕರ್ಸರ್ ಇಟ್ಟು 14 ಮಾಡಿದರೆ ಕನ್ನಡ 12ರಲ್ಲೇ ಕೂತಿರುತ್ತದೆ. ಆಪ್ಷನ್ಸ್‌ನ ಭಾಷಾ ಪುಟದಲ್ಲಿ ಆ ಗುಂಪಿಗೆ ಟಿಕ್ ಹಾಕಿ ಕನ್ನಡ ಆರಿಸಿ, ಆಮೇಲೆ ಪ್ಯಾರಾಗ್ರಾಫ್ ಸ್ಟೈಲಿನಲ್ಲೇ ಎರಡಕ್ಕೂ ಫಾಂಟ್, ಸೈಜ್ ಕೊಟ್ಟು ಅದನ್ನೇ ಟೆಂಪ್ಲೇಟ್ ಮಾಡಿಡಿ. ವಿಂಡೋಸಿನ ತುಂಗಾ ಅಥವಾ ನಿರ್ಮಲಾ ಫಾಂಟಿನ ಫೈಲ್ ಬಂದಾಗ ಇಲ್ಲಿ ಬದಲಿಗೆ ಲಿನಕ್ಸಿನ ನೋಟೊ ಫಾಂಟ್ ಕೂತು ಸಾಲಿನ ಎತ್ತರ ಹೆಚ್ಚಿ, ಎರಡು ಪುಟದ ಕರಾರು ಮೂರಕ್ಕೆ ಹೋಗಬಹುದು. ಸಾಲಿನ ಅಂತರವನ್ನು ‘ಫಿಕ್ಸೆಡ್’ ಮಾಡಿದರೆ ಹಿಡಿತಕ್ಕೆ ಬರುತ್ತದೆ.

ಇನ್ನು ನುಡಿಯ ಹಳೆ ಫೈಲುಗಳು. ಅದರ ಹಳೆ ಫಾಂಟುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದವು. ಫಾಂಟ್ ಫೈಲುಗಳನ್ನು ಹೋಮ್ ಒಳಗಿನ ‘.ಲೋಕಲ್/ಶೇರ್/ಫಾಂಟ್ಸ್’ ಫೋಲ್ಡರಿಗೆ ಹಾಕಿದರೆ ಓದಬಹುದು, ಪ್ರಿಂಟೂ ತೆಗೆಯಬಹುದು. ಒಂದು ಅಕ್ಷರ ತಿದ್ದಲು ಹೋದಿರೋ, ಐಬಸ್ ಕೊಡುವುದು ಯೂನಿಕೋಡ್, ಎರಡೂ ಕಲಸಿ ಖಿಚಡಿ. ನುಡಿಯಿಂದ ಯೂನಿಕೋಡಿಗೆ ಬದಲಿಸುವ ಕನ್ವರ್ಟರಿಗೆ ಕೊಡುವ ಮೊದಲು ನಡುವಿನ ಇಂಗ್ಲಿಷ್ ಪದಗಳನ್ನು ಬೇರೆ ತೆಗೆದಿಡಿ, ಇಲ್ಲದಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳ ಮೇಲೆ ಒಮ್ಮೆ ಕಣ್ಣಾಡಿಸಲೇಬೇಕು. ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೆ ಬೈಗುಳ ಟೈಪ್ ಮಾಡಿದವರಿಗೇ.

ಪ್ರಿಂಟರ್ ನೋಡಿಯೇ ಲಿನಕ್ಸಿಗೆ ಬನ್ನಿ. ಎಚ್‌ಪಿ ಲೇಸರ್‌ಜೆಟ್ 1020 ತನ್ನ ಫರ್ಮ್‌ವೇರ್ (ತನ್ನನ್ನು ನಡೆಸುವ ಒಳಗಿನ ತಂತ್ರಾಂಶ) ಉಳಿಸಿಕೊಳ್ಳುವುದಿಲ್ಲ. ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರೇ ತುಂಬಬೇಕು, ಅದಕ್ಕೆ ‘ಎಚ್‌ಪಿ-ಪ್ಲಗಿನ್’ ಎಂಬ ಕಮಾಂಡ್ ಓಡಿಸಿ ಪ್ಲಗಿನ್ ಹಾಕಬೇಕು. ಎಚ್‌ಪಿಎಲ್‌ಐಪಿ (ಲಿನಕ್ಸಿನಲ್ಲಿ ಎಚ್‌ಪಿ ಪ್ರಿಂಟರ್ ನಡೆಸುವ ಡ್ರೈವರ್) ಆವೃತ್ತಿಗೂ ಪ್ಲಗಿನ್ನಿಗೂ ತಾಳೆಯಾಗದಿದ್ದರೆ ಪ್ರಿಂಟರ್ ಮಿಸುಕುವುದಿಲ್ಲ. ಹಾಗಾಗಿ ಸಿಸ್ಟಮ್ ಅಪ್‌ಗ್ರೇಡ್ ಆದ ದಿನ ಆ ಕಮಾಂಡ್ ಮತ್ತೆ ಓಡಿಸಿ. ಕ್ಯಾನನ್ ಎಲ್‌ಬಿಪಿ 2900 ಕ್ಯಾಪ್ಟ್ ಎಂಬ ಕ್ಯಾನನ್ ಕಂಪನಿಯದೇ ಪ್ರಿಂಟರ್ ಭಾಷೆಯದ್ದು, ಲಿನಕ್ಸಿನಲ್ಲಿ ತಂತಿ ಜೋಡಿಸಿದ ಕೂಡಲೇ ಓಡುವಂಥದ್ದಲ್ಲ. ಅಂಗಡಿಯಲ್ಲಿ ಅದೊಂದೇ ಇದ್ದರೆ ಬದಲಾವಣೆ ಮುಂದೂಡುವುದೇ ಲೇಸು.

ಕರೆಂಟಿನ ಕಣ್ಣುಮುಚ್ಚಾಲೆಗೆ ರೈಟರಿನ ಆಟೋರಿಕವರಿ ಸಮಯ 3 ನಿಮಿಷಕ್ಕೆ ಇಳಿಸಿ, ‘ಬ್ಯಾಕಪ್ ಕಾಪಿ’ಗೂ ಟಿಕ್ ಹಾಕಿ.

ಗದಗ-ಬೆಟಗೇರಿಯ ಪ್ರೆಸ್ಸಿಗೆ ಕಾರ್ಡಿನ ಮ್ಯಾಟರ್ ಕಳಿಸುವವರು ಮೊದಲೇ ಫೋನ್ ಮಾಡಿ ಕೇಳಿ. ಅಲ್ಲಿ ಪುಟ ಜೋಡಿಸಲು ಹಳೆ ಪೇಜ್‌ಮೇಕರ್ ತಂತ್ರಾಂಶ ಇದ್ದರೆ ಅದಕ್ಕೆ ಯೂನಿಕೋಡ್ ಕನ್ನಡ ತಿಳಿಯದು. ಅವರು ಪಿಡಿಎಫ್ ಒಪ್ಪಿದರೆ ರೈಟರಿನಿಂದಲೇ ತೆಗೆದು ಕಳಿಸಿ, ಫಾಂಟ್ ಅದರೊಳಗೇ ಕೂತಿರುತ್ತದೆ. ನುಡಿ ಮ್ಯಾಟರೇ ಬೇಕೆಂದರೆ ಮೂಲೆಯ ಹಳೆ ವಿಂಡೋಸ್ ಯಂತ್ರವನ್ನು ನೆಟ್ ತಂತಿ ಕಿತ್ತು ಇಟ್ಟುಕೊಳ್ಳಿ, ಮಾರಬೇಡಿ.