ದೇಣಿಗೆ ನೋಂದಣಿ ಮಾಡಿಸಿಕೊಡುವ ಸೇವೆ: ಆರು ವರ್ಷ ದುಡ್ಡು ಕೊಟ್ಟವಳ ಮಾತು

ನ್ಯೂಜೆರ್ಸಿಯಲ್ಲಿ ನಮ್ಮದೊಂದು ಪುಟ್ಟ ಸಂಸ್ಥೆ. ಕೊಪ್ಪಳ ಕಡೆಯ ಸರ್ಕಾರಿ ಶಾಲೆಗಳಿಗೆ ಪುಸ್ತಕ, ಬೆಂಚು ಕೊಡಿಸುತ್ತೇವೆ. ಖಜಾಂಚಿ ನಾನು. 501 ಸಿ 3 ಮಾನ್ಯತೆ ಸಿಕ್ಕ ದಿನ, ಇನ್ನು ಅಮೆರಿಕದಲ್ಲಿ ಎಲ್ಲಿ ಬೇಕಾದರೂ ದೇಣಿಗೆ ಕೇಳಬಹುದು ಅಂದುಕೊಂಡಿದ್ದೆವು. ಅದು ಬರೀ ತೆರಿಗೆ ವಿನಾಯಿತಿಯ ಮಾನ್ಯತೆ. ದೇಣಿಗೆ ಕೇಳೋಕೆ ಸುಮಾರು 40 ರಾಜ್ಯಗಳು ಪ್ರತ್ಯೇಕ ನೋಂದಣಿ ಕೇಳುತ್ತವೆ.

ಒಂದೊಂದು ರಾಜ್ಯದ್ದು ಒಂದೊಂದು ರೀತಿ. ನ್ಯೂಯಾರ್ಕ್‌ನಲ್ಲಿ ಅಟಾರ್ನಿ ಜನರಲ್ ಕಚೇರಿಗೆ ಚಾರ್ 410 ಫಾರ್ಮ್, 25 ಡಾಲರ್. ಕ್ಯಾಲಿಫೋರ್ನಿಯಾದಲ್ಲಿ ಸಿಟಿ-1 ಅನ್ನುವ ಫಾರ್ಮ್, 50 ಡಾಲರ್. ಫ್ಲೋರಿಡಾದಲ್ಲಿ ಇದನ್ನು ನೋಡಿಕೊಳ್ಳುವುದು ಕೃಷಿ ಇಲಾಖೆ! ಟೆಕ್ಸಾಸ್‌ನಲ್ಲಿ ನಮ್ಮಂಥವರಿಗೆ ನೋಂದಣಿಯೇ ಬೇಡ. ಇದೆಲ್ಲ ಕೆಲಸದ ಜೊತೆ ನಿಭಾಯಿಸೋಕಾಗದೆ 2019ರಲ್ಲಿ ಒಂದು ಕಂಪನಿಯ ಸೇವೆ ತಗೊಂಡೆವು.

ಮೊದಲನೇ ವರ್ಷ ನಿಜಕ್ಕೂ ಉಸಿರಾಡುವ ಹಾಗಾಯಿತು. ಬೈಲಾ, ಫಾರ್ಮ್ 990 (ತೆರಿಗೆ ಇಲಾಖೆಗೆ ಕೊಡುವ ವಾರ್ಷಿಕ ವರದಿ), ಪದಾಧಿಕಾರಿಗಳ ವಿಳಾಸ ಎಲ್ಲ ಒಂದೇ ಸಲ ಕೊಟ್ಟೆವು. ಹದಿನೇಳು ರಾಜ್ಯಗಳ ಅರ್ಜಿ ತಯಾರಾಗಿ ಬಂತು. ಯಾವುದಕ್ಕೆ ಇಬ್ಬರು ಸಹಿ ಹಾಕಬೇಕು, ಯಾವುದಕ್ಕೆ ನೋಟರಿ ಬೇಕು ಅಂತ ಪುಟದ ಮೇಲೇ ಹಳದಿ ಗುರುತು. ಆ ಕೆಲಸಕ್ಕೆ ಇವತ್ತಿಗೂ ಪೂರ್ತಿ ಅಂಕ ಕೊಡ್ತೀನಿ.

ನೋವಾಗಿದ್ದು ನವೀಕರಣದಲ್ಲಿ. ಕ್ಯಾಲಿಫೋರ್ನಿಯಾಕ್ಕೆ ಪ್ರತಿ ವರ್ಷ ಆರ್‌ಆರ್‌ಎಫ್-1 ಅನ್ನುವ ನವೀಕರಣ ಫಾರ್ಮ್ ಕಳಿಸಬೇಕು. ಕ್ಯಾಲೆಂಡರ್ ವರ್ಷದ ಲೆಕ್ಕ ಇಡುವವರಿಗೆ ಮೇ 15 ಗಡುವು. ನಾನು ಖಜಾಂಚಿಯಾದ ಮೇಲೂ ಕಂಪನಿಯ ನೆನಪೋಲೆ ಹಿಂದಿನವರ ಇಮೇಲಿಗೇ ಹೋಗುತ್ತಿತ್ತು. ಬದಲಾಯಿಸಿ ಅಂತ ಎರಡು ಸಲ ಬರೆದಿದ್ದೆ. 2024ರಲ್ಲಿ, ರಾಜ್ಯೋತ್ಸವದ ಮನವಿ ಕಳಿಸಿದ ವಾರ, ಬೇ ಏರಿಯಾದ ದಾನಿಯೊಬ್ಬರು ಫೋನ್ ಮಾಡಿದರು: "ನಮ್ಮ ಆಫೀಸಿನ ದೇಣಿಗೆ ಪೋರ್ಟಲ್‌ನಲ್ಲಿ ನಿಮ್ಮ ಹೆಸರೇ ಬರ್ತಿಲ್ವಲ್ಲ?" ರಾಜ್ಯದ ಸಾರ್ವಜನಿಕ ಪಟ್ಟಿಯಲ್ಲಿ ಹುಡುಕಿದೆ. ನಮ್ಮ ಸಂಸ್ಥೆಯ ಮುಂದೆ 'ಡೆಲಿಂಕ್ವೆಂಟ್' ಅಂತ ಇತ್ತು, ಅಂದರೆ ನವೀಕರಣ ಬಾಕಿ ಉಳಿಸಿಕೊಂಡವರು. ಆ ಸ್ಥಿತಿಯಲ್ಲಿ ಅಲ್ಲಿ ದೇಣಿಗೆ ಕೇಳುವ ಹಾಗೇ ಇಲ್ಲ. 2023ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ಆನ್‌ಲೈನ್ ವೇದಿಕೆಗಳೂ ಅಂಥವರಿಗಾಗಿ ಹಣ ಎತ್ತುವಂತಿಲ್ಲ. ಆ ವರ್ಷ ಒಂದು ಶಾಲೆಯ ಬೆಂಚುಗಳನ್ನು ಮುಂದೂಡಬೇಕಾಯಿತು. ಮುಖ್ಯೋಪಾಧ್ಯಾಯರಿಗೆ ಅದನ್ನು ನಾನೇ ಹೇಳಿದೆ, ಆ ಸಂಕಟ ಇನ್ನೂ ಹೋಗಿಲ್ಲ.

ಇನ್ನೊಂದು ತಕರಾರು: ಅವರು ಸದಾ ಹೆಚ್ಚು ರಾಜ್ಯಗಳನ್ನೇ ಸೂಚಿಸುತ್ತಾರೆ. ವೆಬ್‌ಸೈಟಿನಲ್ಲಿ ದೇಣಿಗೆ ಬಟನ್ ಇದ್ದ ಮಾತ್ರಕ್ಕೆ ಎಲ್ಲ ಕಡೆ ನೋಂದಣಿ ಬೇಕು ಅಂತಲ್ಲ. ರಾಜ್ಯಗಳ ಅಧಿಕಾರಿಗಳ ಒಕ್ಕೂಟ 2001ರಲ್ಲಿ ಕೊಟ್ಟ ಚಾರ್ಲ್ಸ್‌ಟನ್ ಸೂತ್ರಗಳಿವೆ: ಆ ರಾಜ್ಯದವರನ್ನೇ ಗುರಿಯಾಗಿಟ್ಟು ಕೇಳಿದರೆ, ಇಲ್ಲವೇ ಅಲ್ಲಿಂದ ಪದೇ ಪದೇ ಅಥವಾ ದೊಡ್ಡ ಮೊತ್ತ ಬರುತ್ತಿದ್ದರೆ ನೋಂದಾಯಿಸಿ ಅನ್ನುತ್ತವೆ. ಅವು ಸಲಹೆ ಮಾತ್ರ, ಕಾನೂನಲ್ಲ. ಹಾಗಾಗಿ ವಕೀಲರೊಬ್ಬರನ್ನು ಕೇಳಿ, ದಾನಿಗಳ ಪಟ್ಟಿ ಮುಂದಿಟ್ಟುಕೊಂಡು ತೀರ್ಮಾನ ಮಾಡಿದೆವು.

ಮನವಿ ಪತ್ರದ ಮಾತೂ ಹೇಳಿಬಿಡ್ತೀನಿ. ಕೆಲವು ರಾಜ್ಯಗಳು ಮನವಿಯ ಕೆಳಗೆ ತಮ್ಮದೇ ವಾಕ್ಯ ಅಚ್ಚು ಹಾಕಿಸುತ್ತವೆ. 'ನೋಂದಣಿ ಎಂದರೆ ರಾಜ್ಯದ ಶಿಫಾರಸು ಅಲ್ಲ' ಅನ್ನುವ ಧಾಟಿಯದು. ನಮಗೆ ಅದನ್ನು ಕಂಪನಿ ಹೇಳಲಿಲ್ಲ. ನೀವೇ ಕೇಳಿ ಪಡೆಯಿರಿ.

ಈ ಸಲವೂ ಅದೇ ಸೇವೆಯನ್ನು ನವೀಕರಿಸಿದ್ದೇವೆ, ಹನ್ನೊಂದು ರಾಜ್ಯಗಳಿಗೆ. ಗಡುವುಗಳು ಈಗ ನನ್ನ ಅಡುಗೆಮನೆ ಕ್ಯಾಲೆಂಡರಿನಲ್ಲೂ ಇವೆ. ಇಮೇಲ್ ವಿಳಾಸ ಖಜಾಂಚಿ ಹುದ್ದೆಯ ಹೆಸರಿನಲ್ಲಿದೆ, ವ್ಯಕ್ತಿಯ ಹೆಸರಿನಲ್ಲಲ್ಲ. ಐದಕ್ಕೆ ಮೂರು ಅಂಕ.